ಹಡಗಿನಲ್ಲಿ ಸಿಗುವ ಕೊಸರು

ಒರ್ಲ್ಯಾಂಡೊದಲ್ಲಿರುವ ದೊಡ್ಡಪ್ಪನ ಮಗ ಒಂದು ಭಾನುವಾರ ಫೋನು ಮಾಡಿದವನು ಕುಶಲ ವಿಚಾರಿಸುವ ಮೊದಲೇ ಲೆಕ್ಕಕ್ಕೆ ಇಳಿದ. "ನಮ್ಮದು 77 ಪಾಯಿಂಟ್ ಆಗಿದೆ ಕಣೋ. ಇನ್ನು ಮೂರು ಬಂದರೆ ಡೈಮಂಡ್. ಜೂನ್‌ನಲ್ಲಿ ಅಲಾಸ್ಕಾಗೆ ಏಳು ರಾತ್ರಿ ಬುಕ್ ಮಾಡಿದ್ದೀವಿ. ಅದಕ್ಕೆ ಮುಂಚೆ ಬಹಾಮಾಸ್‌ಗೆ ಮೂರು ರಾತ್ರಿ ಹೋಗಿಬಂದರೆ ಅಲಾಸ್ಕಾ ಹಡಗಿಗೆ ಡೈಮಂಡ್ ಆಗಿಯೇ ಹತ್ತಬಹುದು. ಹೋಗೋದಾ ಬೇಡವಾ?" ನಾನು ಬ್ಯಾಂಕಿನಿಂದ ನಿವೃತ್ತನಾಗಿ ಐದು ವರ್ಷವಾಯಿತು. ಬಂಧುಗಳ ಪಾಲಿಗೆ ಮಾತ್ರ ಇನ್ನೂ ಕೌಂಟರ್ ಹಿಂದೆಯೇ ಕೂತಿದ್ದೇನೆ.

ಅವನು ಹೇಳುತ್ತಿದ್ದದ್ದು ರಾಯಲ್ ಕೆರಿಬಿಯನ್ ಎಂಬ ಕ್ರೂಸ್ ಕಂಪನಿಯ 'ಕ್ರೌನ್ ಅಂಡ್ ಆಂಕರ್ ಸೊಸೈಟಿ'ಯ ವಿಷಯ. ಹೆಸರು ಕೇಳಿದರೆ ಯಾವುದೋ ರಾಜಮನೆತನದ ಸಂಘ ಎನಿಸಬೇಕು, ಹಾಗೆ ಇಟ್ಟಿದ್ದಾರೆ. ಒಳಗಿರುವುದು ನಮ್ಮ ಸೊಪ್ಪಿನವಳ ತತ್ವವೇ. ಕಾಯಂ ಗಿರಾಕಿ ಬಂದರೆ ತೂಕ ಮುಗಿದ ಮೇಲೆ ಒಂದು ಹಿಡಿ ಕೊತ್ತಂಬರಿ ಚೀಲಕ್ಕೆ ಹಾಕುತ್ತಾಳಲ್ಲ, ಆ ಕೊಸರು. ಅವಳು ಮನಸ್ಸು ಬಂದಷ್ಟು ಹಾಕುತ್ತಾಳೆ, ಕಂಪನಿ ಕೋಷ್ಟಕ ಬರೆದು ಹಾಕುತ್ತದೆ.

ಕೋಷ್ಟಕ ಹೀಗಿದೆ. ಹಡಗಿನಲ್ಲಿ ಕಳೆದ ಒಂದು ರಾತ್ರಿಗೆ ಒಂದು ಅಂಕ. ಸ್ವೀಟ್ ಎಂಬ ದೊಡ್ಡ ಕೋಣೆ ಹಿಡಿದರೆ ಎರಡು. ಒಬ್ಬರೇ ಹೋಗಿ ಇಬ್ಬರ ಬಾಡಿಗೆ ತೆತ್ತವರಿಗೆ ಇನ್ನೊಂದು ಹೆಚ್ಚುವರಿ. 3 ಅಂಕಕ್ಕೆ ಗೋಲ್ಡ್, 30ಕ್ಕೆ ಪ್ಲಾಟಿನಂ, 55ಕ್ಕೆ ಎಮರಾಲ್ಡ್, 80ಕ್ಕೆ ಡೈಮಂಡ್, 175ಕ್ಕೆ ಡೈಮಂಡ್ ಪ್ಲಸ್, 700ಕ್ಕೆ ಪಿನಕಲ್. ಟಿಕೆಟ್ಟಿಗೆ ಎಷ್ಟು ಕೊಟ್ಟಿರಿ ಎಂದು ಯಾರೂ ಕೇಳುವುದಿಲ್ಲ. ಒಳಗಿನ, ಕಿಟಕಿಯಿಲ್ಲದ, ಅಗ್ಗದ ಕ್ಯಾಬಿನ್ನಿನ ರಾತ್ರಿಗೂ ಒಂದೇ ಅಂಕ, ಅದರ ಎರಡರಷ್ಟು ಬೆಲೆಯ ಬಾಲ್ಕನಿ ಕೋಣೆಗೂ ಒಂದೇ. ಗಂಡ ಹೆಂಡತಿ ಒಂದೇ ವಿಳಾಸದಲ್ಲಿದ್ದರೆ ಒಬ್ಬರ ದರ್ಜೆ ಇನ್ನೊಬ್ಬರಿಗೂ ಸಲ್ಲುತ್ತದೆ. ಒಮ್ಮೆ ಏರಿದ ಮೆಟ್ಟಿಲಿನಿಂದ ಕೆಳಗಿಳಿಸುವುದಿಲ್ಲ. ವಿಮಾನ ಕಂಪನಿಗಳು ವರ್ಷಕ್ಕೊಮ್ಮೆ ಪರೀಕ್ಷೆ ಬರೆಸಿ ದರ್ಜೆ ಕೊಡುತ್ತವೆ. ಹಡಗಿನವರು ಬಹುಕಾಲ ಅದನ್ನು ಜೀವಮಾನದ ಆಸ್ತಿಯಂತೆಯೇ ನಡೆಸಿಕೊಂಡು ಬಂದಿದ್ದಾರೆ.

ಇಷ್ಟು ಏರಿದವರಿಗೆ ಸಿಗುವುದೇನು? ಕೆಳಗಿನ ಮೂರು ಮೆಟ್ಟಿಲಿನ ವಿಷಯ ಬೇಗ ಮುಗಿಸುತ್ತೇನೆ, ಯಾಕೆಂದರೆ ಅಲ್ಲಿ ಹೆಚ್ಚೇನೂ ಇಲ್ಲ. ಕೆಲವು ಕೂಪನ್ನು, ಪ್ಲಾಟಿನಂ ಆದ ಮೇಲೆ ಕೋಣೆಯಲ್ಲಿ ತೊಡಲು ಒಂದು ಸ್ನಾನದ ನಿಲುವಂಗಿ, ಬಾಲ್ಕನಿ ಕೋಣೆಯ ಬೆಲೆಯಲ್ಲಿ ಚೂರು ರಿಯಾಯಿತಿ. ನಿಲುವಂಗಿಯನ್ನು ಮನೆಗೆ ತರುವಂತಿಲ್ಲ.

ನಿಜವಾದ ತಿರುವು 80ರಲ್ಲಿ. ಡೈಮಂಡ್ ಆದವರಿಗೆ ದಿನಕ್ಕೆ ನಾಲ್ಕು ಪಾನೀಯ ಉಚಿತ, ಡೈಮಂಡ್ ಪ್ಲಸ್‌ಗೆ ಐದು, ಪಿನಕಲ್‌ಗೆ ಆರು. ಮೊದಲು ಇದಕ್ಕಾಗಿ ಸಂಜೆ ಹೊತ್ತು ಒಂದು ಲೌಂಜಿಗೆ ಹೋಗಬೇಕಿತ್ತು. ಡೈಮಂಡ್‌ಗಳ ಸಂಖ್ಯೆ ಬೆಳೆದು ಲೌಂಜಿನಲ್ಲಿ ನಿಲ್ಲಲು ಜಾಗವಿಲ್ಲದಂತಾದಾಗ ಹಡಗಿನ ಯಾವ ಬಾರಿನಲ್ಲಾದರೂ ನಡೆಯುವ ವೋಚರ್ ಮಾಡಿದರು. ಕೀ ಕಾರ್ಡ್ ತೋರಿಸಿದರೆ ಸಾಕು. ಒಂದು ಪಾನೀಯಕ್ಕೆ ಸುಮಾರು 14 ಡಾಲರ್‌ವರೆಗೆ ಎಂದು ಹಿಡಿದರೆ ದಿನಕ್ಕೆ 56, ವಾರಕ್ಕೆ 392, ಗಂಡ ಹೆಂಡತಿ ಸೇರಿ 784 ಡಾಲರ್. ಕೊಸರು ಎನ್ನಲು ಇದು ಕಡಿಮೆಯಲ್ಲ.

ಆದರೆ ಅದು ಮುಖಬೆಲೆ. ನಮಗೆ ಬೇಕಾದದ್ದು ಬಳಕೆಬೆಲೆ. ವೋಚರ್ ಇಲ್ಲದಿದ್ದರೆ ನಾನು ಕೈಯಿಂದ ಕಾಸು ಕೊಟ್ಟು ಏನು ಕುಡಿಯುತ್ತಿದ್ದೆ, ಅದಷ್ಟೇ ಉಳಿತಾಯ. ದಿನಾ ನಾಲ್ಕು ಕಾಕ್‌ಟೇಲ್ ಕುಡಿಯುವವನಿಗೆ 56 ಡಾಲರ್ ಪೂರಾ ಲಾಭ. ಅಂಥವನು ದುಬಾರಿ ಡ್ರಿಂಕ್ ಪ್ಯಾಕೇಜ್ ಕೊಳ್ಳುವುದನ್ನೂ ಬಿಡಬಹುದು, ಡೈಮಂಡ್ ದರ್ಜೆಯ ಅತಿ ದೊಡ್ಡ ಪ್ರಯೋಜನ ಇದೇ. ನಮ್ಮಣ್ಣ ಅತ್ತಿಗೆಯರು ಮದ್ಯ ಮುಟ್ಟುವವರಲ್ಲ. ವೋಚರ್ ಕ್ಯಾಪುಚಿನೊಗೆ, ಮಾಕ್‌ಟೇಲ್‌ಗೆ, ಬಾಟಲಿ ನೀರಿಗೂ ನಡೆಯುತ್ತದೆ, ನಿಜ. ಆದರೂ ಎರಡು ಕಾಫಿ, ಒಂದು ಮಾಕ್‌ಟೇಲ್ ಎಂದರೆ ತಲೆಗೆ 20 ಡಾಲರ್. ಹಡಗಿನ ಬಫೆಯಲ್ಲಿ ಸಾದಾ ಕಾಫಿ ಹೇಗೂ ಪುಕ್ಕಟೆ. ಅದು ನಮ್ಮ ನಾಲಿಗೆಗೆ ಕಾಫಿ ಎನಿಸುವುದಿಲ್ಲ ಎಂಬುದು ಬೇರೆ ಮಾತು.

ಉಳಿದ ಸವಲತ್ತುಗಳಲ್ಲಿ ಬಹುಪಾಲು 'ಆದ್ಯತೆ' ಎಂಬ ಜಾತಿಗೆ ಸೇರಿದವು. ಮೊದಲು ಹತ್ತುವುದು, ಮೊದಲು ಇಳಿಯುವುದು, ಬೇರೆ ಸಾಲು. ಕಂಪನಿಗೆ ಇದರಿಂದ ಕಾಸಿನ ಖರ್ಚಿಲ್ಲ, ಆದ್ದರಿಂದಲೇ ಧಾರಾಳ. ದೇವಸ್ಥಾನದಲ್ಲಿ ನೂರು ರೂಪಾಯಿ ಕೊಟ್ಟು ವಿಶೇಷ ದರ್ಶನದ ಸಾಲಿಗೆ ಹೋದರೆ ಅದೇ ಧರ್ಮದರ್ಶನದ ಸಾಲಿಗಿಂತ ಉದ್ದವಿರುತ್ತದಲ್ಲ, ಹಾಗೆ. ಫ್ಲಾರಿಡಾದಿಂದ ಹೊರಡುವ ಹಡಗುಗಳಲ್ಲಿ, ಅದರಲ್ಲೂ ಅಟ್ಲಾಂಟಿಕ್ ದಾಟುವ ದೀರ್ಘ ಯಾನಗಳಲ್ಲಿ, ನಿವೃತ್ತರೇ ತುಂಬಿರುತ್ತಾರೆ, ಎತ್ತ ನೋಡಿದರತ್ತ ಡೈಮಂಡ್. ಆದ್ಯತೆಗೆ ನಿಜವಾಗಿ ಬೆಲೆ ಬರುವ ಒಂದು ಜಾಗ ಗ್ರ್ಯಾಂಡ್ ಕೇಮನ್‌ನಂಥ ದ್ವೀಪಗಳು. ಅಲ್ಲಿ ಕ್ರೂಸ್ ಹಡಗು ನಿಲ್ಲುವ ಕಟ್ಟೆಯಿಲ್ಲ. ಹಡಗು ದೂರದಲ್ಲಿ ಲಂಗರು ಹಾಕುತ್ತದೆ, ಜನ ಸಣ್ಣ ದೋಣಿಗಳಲ್ಲಿ ದಡಕ್ಕೆ ಹೋಗಬೇಕು. ಕೆಲವು ಕಂಪನಿಗಳು ಮೇಲಿನ ದರ್ಜೆಯವರನ್ನು ಆ ದೋಣಿಗೆ ಮೊದಲು ಕರೆಯುತ್ತವೆ. ದಡದಲ್ಲಿ ಸಿಗುವುದೇ ಆರೇಳು ಗಂಟೆಯಾದಾಗ ಒಂದು ಗಂಟೆ ಉಳಿದರೆ ಅದು ದುಡ್ಡೇ.

ಶಿಖರದ ಲೆಕ್ಕ ಇನ್ನೂ ಸ್ವಾರಸ್ಯ. 700 ಅಂಕ ಮುಟ್ಟಿದವರಿಗೆ ಒಂದು ಉಚಿತ ಯಾನ, 1,050ಕ್ಕೆ ಮತ್ತೊಂದು, ಆಮೇಲೆ ಪ್ರತಿ 350ಕ್ಕೆ ಒಂದೊಂದು. ಉಚಿತ ಯಾನ ಏಳು ರಾತ್ರಿಯದು ಎಂದುಕೊಳ್ಳಿ. 350 ರಾತ್ರಿ ದುಡ್ಡು ಕೊಟ್ಟವನಿಗೆ ಏಳು ರಾತ್ರಿ ಪುಕ್ಕಟೆ, ಅಂದರೆ ನೂರಕ್ಕೆ ಎರಡು. ಅಮೆರಿಕದಲ್ಲಿ ಎರಡು ಶೇಕಡಾ ಹಿಂದಿರುಗಿಸುವ ಕ್ರೆಡಿಟ್ ಕಾರ್ಡು ಬೀದಿಗೊಂದು ಸಿಗುತ್ತದೆ, ಅದಕ್ಕೆ ಎರಡು ವರ್ಷ ಸಮುದ್ರದ ಮೇಲೆ ಇರಬೇಕಾಗಿಲ್ಲ. ಆದರೂ ಇರುವವರಿದ್ದಾರೆ. ಕ್ಯೂಬಾ ಮೂಲದ ಮಾರಿಯೊ ಸಾಲ್ಸೆಡೊ ಎಂಬಾತ ಎರಡು ದಶಕಕ್ಕೂ ಹೆಚ್ಚು ಕಾಲದಿಂದ ವರ್ಷದ ಬಹುಭಾಗ ಈ ಕಂಪನಿಯ ಹಡಗುಗಳಲ್ಲೇ ಬದುಕುತ್ತಿದ್ದಾನೆ. ಸಿಬ್ಬಂದಿ 'ಸೂಪರ್ ಮಾರಿಯೊ' ಎಂದು ಕರೆಯುತ್ತಾರೆ. ಡೆಕ್ಕಿನ ಮೇಲೆ ಅವನ ಕಚೇರಿ ಎಂದು ಫಲಕ ಹಾಕಿದ ಮೇಜೇ ಇದೆ. ಅವನ ಬಗ್ಗೆ 2018ರಲ್ಲಿ ಒಂದು ಕಿರು ಸಾಕ್ಷ್ಯಚಿತ್ರವೂ ಬಂತು. ಅವನಿಗೆ ಅಂಕಗಳು ಲಾಭವಲ್ಲ, ಊರು.

ಬೇರೆ ಕಂಪನಿಗಳ ತಕ್ಕಡಿ ಬೇರೆ. ಪ್ರಿನ್ಸೆಸ್‌ನವರಲ್ಲಿ ಬಹುಕಾಲ ನಡೆದದ್ದು ಒಂದು ವಿಚಿತ್ರ ನಿಯಮ: 15 ಯಾನ ಮುಗಿಸಿದವರು, ಇಲ್ಲವೇ 150 ದಿನ ದಾಟಿದವರು ಎಲೀಟ್. ಯಾನ ಎಷ್ಟು ಗಿಡ್ಡವಾದರೂ ಒಂದು ಯಾನವೇ. ಹಾಗಾಗಿ ಮೂರು ನಾಲ್ಕು ದಿನದ ಸಣ್ಣ ಪ್ರವಾಸಗಳನ್ನು ಪೋಣಿಸಿಕೊಂಡವನು ಐವತ್ತು ಚಿಲ್ಲರೆ ದಿನಗಳಲ್ಲೇ ಮೇಲೆ ಹತ್ತಿಬಿಡುತ್ತಿದ್ದ. ಎಲೀಟ್‌ಗಳು ಎಲ್ಲಕ್ಕಿಂತ ಹೆಚ್ಚು ಹೊಗಳುವುದು ಶಾಂಪೇನನ್ನಲ್ಲ, ಪುಕ್ಕಟೆ ಬಟ್ಟೆ ಒಗೆತವನ್ನು. ಬೆಳಿಗ್ಗೆ ಚೀಲಕ್ಕೆ ತುಂಬಿಟ್ಟರೆ ಒಗೆದು ಇಸ್ತ್ರಿಯಾಗಿ ಹಿಂದಿರುಗುತ್ತದೆ. ಹಾಲೆಂಡ್ ಅಮೆರಿಕದವರು ನಾಲ್ಕು ನಕ್ಷತ್ರದ ಸದಸ್ಯರಿಗೆ ಇದನ್ನೇ ಕೊಡುತ್ತಾರೆ. ನನ್ನನ್ನು ಕೇಳಿದರೆ ಹಡಗಿನ ಸವಲತ್ತುಗಳಲ್ಲಿ ಮುಖಬೆಲೆಯೂ ಬಳಕೆಬೆಲೆಯೂ ಒಂದೇ ಆಗಿರುವುದು ಇದೊಂದು. ಎರಡು ವಾರದ ಪ್ರವಾಸಕ್ಕೆ ಬೆಂಗಳೂರಿನಿಂದ ನಾಲ್ಕು ಸೂಟ್‌ಕೇಸ್ ಹೊತ್ತು ಬರುವ ಅಪ್ಪ ಅಮ್ಮಂದಿರನ್ನು ಕಂಡವರಿಗೆ ಇದರ ಮಹಿಮೆ ಗೊತ್ತು.

ಎಮ್ಮೆಸ್ಸಿ ಕಂಪನಿಯವರ ದಾರಿ ಇನ್ನೊಂದು: ಬೇರೆ ಹಡಗು ಕಂಪನಿಯಲ್ಲೋ ಕೆಲವು ಹೋಟೆಲ್ ಬಳಗಗಳಲ್ಲೋ ನಿಮಗೆ ದರ್ಜೆಯಿದ್ದರೆ ಅದನ್ನು ತೋರಿಸಿ ಇಲ್ಲಿಯೂ ಸರಿಸಮನಾದದ್ದನ್ನು ಪಡೆಯಬಹುದು. ಒಂದು ರಾತ್ರಿಯೂ ಅವರ ಹಡಗಿನಲ್ಲಿ ಮಲಗಿರಬೇಕಿಲ್ಲ. ಮೂರು ವರ್ಷ ಅತ್ತ ಸುಳಿಯದಿದ್ದರೆ ಕಳೆದುಕೊಳ್ಳುತ್ತೀರಿ, ಅಷ್ಟೆ. ಬೇರೆಯವರ ಹತ್ತಿರ ವರ್ಷಗಟ್ಟಲೆ ಕೂಡಿಸಿದ್ದನ್ನು ಇವರು ಒಂದು ಅರ್ಜಿಗೆ ಕೊಡುತ್ತಾರೆ ಎಂದ ಮೇಲೆ ಕೂಡಿಸಿದ್ದರ ನಿಜಬೆಲೆ ಎಷ್ಟು ಎಂಬ ಅನುಮಾನ ನನಗಂತೂ ಬರುತ್ತದೆ.

ಜೀವಮಾನದ ಆಸ್ತಿ ಎಂದೆನಲ್ಲ, ಅದಕ್ಕೂ ಈಗ ಬಿರುಕು ಬಿದ್ದಿದೆ. ಕಾರ್ನಿವಲ್ ಕಂಪನಿಯಲ್ಲಿ ದಿನಕ್ಕೊಂದು ಅಂಕ, 75ಕ್ಕೆ ಪ್ಲಾಟಿನಂ, 200ಕ್ಕೆ ಡೈಮಂಡ್ ಎಂಬ ಸರಳ ಪದ್ಧತಿಯಿತ್ತು. 2025ರ ಜೂನ್‌ನಲ್ಲಿ ಅವರು ಅದನ್ನು ಬದಲಿಸುವುದಾಗಿ ಘೋಷಿಸಿದರು. ಇನ್ನು ಮುಂದೆ ರಾತ್ರಿಗಳನ್ನಲ್ಲ, ಖರ್ಚು ಮಾಡಿದ ಡಾಲರ್‌ಗಳನ್ನು ಎಣಿಸುವುದು, ಮತ್ತು ದರ್ಜೆಯನ್ನು ಎರಡೆರಡು ವರ್ಷಕ್ಕೆ ಹೊಸದಾಗಿ ಗಳಿಸುವುದು. ಅಗ್ಗದ ಕ್ಯಾಬಿನ್ ಹಿಡಿದು ಇಪ್ಪತ್ತು ವರ್ಷ ನಿಷ್ಠೆಯಿಂದ ಬಂದವರು ಸಿಟ್ಟಾದರು. ಆಗಬೇಕಾದದ್ದೇ. ಆದರೆ ವಿಮಾನ ಕಂಪನಿಗಳು ಇದೇ ದಾರಿಯನ್ನು ಹತ್ತು ವರ್ಷ ಮೊದಲೇ ಹಿಡಿದಿದ್ದವು. ಕಂಪನಿ ತನ್ನ ನಿಯಮವನ್ನು ತಾನೇ ಬರೆಯುತ್ತದೆ, ತಾನೇ ಅಳಿಸುತ್ತದೆ. ನಾಳೆಯ ಸವಲತ್ತನ್ನು ನಂಬಿ ಇವತ್ತು ಹೆಚ್ಚು ದುಡ್ಡು ತೆರುವವನು ಬಡ್ಡಿದರ ಬರೆಯದ ಡಿಪಾಜಿಟ್ ಇಟ್ಟಂತೆ.

ಇದೇ ಹೊತ್ತಿನಲ್ಲಿ, ದರ್ಜೆಯೇ ಇಲ್ಲದವರಿಗೂ ಸಿಗುವ ಕೊಸರುಗಳು ಎಷ್ಟೋ ಸಲ ಹೆಚ್ಚು ತೂಗುತ್ತವೆ. ಹಡಗಿನಲ್ಲಿರುವಾಗಲೇ ಮುಂದಿನ ಯಾನ ಕಾಯ್ದಿರಿಸಿದರೆ ಕೋಣೆಯ ಖಾತೆಗೆ ಜಮಾ ಹಾಕುತ್ತಾರೆ. ಒಳ್ಳೆಯ ಟ್ರಾವೆಲ್ ಏಜೆಂಟರು ತಮ್ಮ ಕಮಿಷನ್ನಿನಲ್ಲಿ ಪಾಲು ಕೊಡುತ್ತಾರೆ. ರಾಯಲ್ ಕೆರಿಬಿಯನ್ ಗ್ರೂಪ್ ಅಥವಾ ಕಾರ್ನಿವಲ್ ಕಾರ್ಪೊರೇಷನ್ನಿನ 100 ಷೇರು ಇರುವವರಿಗೆ ಏಳು ರಾತ್ರಿಯ ಯಾನಕ್ಕೆ ಕೋಣೆಯೊಂದಕ್ಕೆ 100 ಡಾಲರ್ ಜಮಾ ಎಂಬ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಅಂದರೆ ಮೊದಲ ಸಲ ಹತ್ತಿದ ಷೇರುದಾರ, ನಿಲುವಂಗಿ ತೊಟ್ಟ ಪ್ಲಾಟಿನಂಗಿಂತ ಮುಂದೆ. ಇದಕ್ಕಾಗಿ ಷೇರು ಕೊಳ್ಳಿ ಎನ್ನುತ್ತಿಲ್ಲ, ಮನೆಯಲ್ಲಿ ಇದ್ದರೆ ಮರೆಯಬೇಡಿ. ಇವೆಲ್ಲಕ್ಕಿಂತ ದೊಡ್ಡದು ಟಿಕೆಟ್ಟಿನ ಬೆಲೆಯೇ. ಒಂದೇ ವಾರ, ಒಂದೇ ಬಂದರು, ಎರಡು ಕಂಪನಿ ಎಂದಿಟ್ಟುಕೊಳ್ಳಿ. ಇಬ್ಬರಿಗೆ ಐನೂರು ಡಾಲರ್ ವ್ಯತ್ಯಾಸ ಬಂದರೆ ಡೈಮಂಡ್ ಕಾಫಿಯೆಲ್ಲ ಅಲ್ಲೇ ಕೊಚ್ಚಿಹೋಗುತ್ತದೆ.

ಬೆಂಗಳೂರಿನಿಂದ ಹೋಗುವವರ ಮಾತು ಬೇಗ ಮುಗಿಯುತ್ತದೆ. ನಮಗೆ ಅನುಕೂಲದ ದೊಡ್ಡ ಕ್ರೂಸ್ ಬಂದರು ಸಿಂಗಪುರ. ಅಲ್ಲಿಂದ ಹೆಚ್ಚಾಗಿ ಹಿಡಿಯುವುದು ಮೂರು ನಾಲ್ಕು ರಾತ್ರಿಯ ಯಾನ. 80 ಅಂಕಕ್ಕೆ ಕನಿಷ್ಠ ಇಪ್ಪತ್ತು ಸಲ ವಿಮಾನ ಹತ್ತಬೇಕು. ಬೆನ್ನಟ್ಟುವ ಆಟವೇ ಅಲ್ಲ ಇದು. ಸದಸ್ಯತ್ವ ಪುಕ್ಕಟೆಯಾದ್ದರಿಂದ ಸೇರಿಕೊಂಡು ಸುಮ್ಮನಿರಿ. ಸೇರುವಾಗ ಒಂದೇ ಎಚ್ಚರ: ಹೆಸರು. ನಮ್ಮ ಇನಿಷಿಯಲ್‌ಗಳು ಹಡಗಿನವರ ಕಂಪ್ಯೂಟರಿಗೆ ಅರ್ಥವಾಗುವುದಿಲ್ಲ. ನನ್ನ ಮೊದಲ ಪ್ರವಾಸದಲ್ಲಿ ಅಪ್ಪನ ಹೆಸರನ್ನು ಕುಟುಂಬದ ಹೆಸರಿನ ಜಾಗಕ್ಕೆ ಹಾಕಿದ್ದೆ. ಪಾಸ್‌ಪೋರ್ಟ್ ನವೀಕರಿಸಿದ ಮೇಲೆ ಊರಿನ ಹೆಸರು ಅಲ್ಲಿ ಬಂತು. ಎರಡನೇ ಯಾನ ಮುಗಿದಾಗ ನಾನು ಇಬ್ಬರಾಗಿದ್ದೆ, ಒಬ್ಬನಿಗೆ ನಾಲ್ಕು ರಾತ್ರಿ, ಇನ್ನೊಬ್ಬನಿಗೆ ಮೂರು. ಹಳೆಯ ಪಾಸ್‌ಪೋರ್ಟಿನ ಪ್ರತಿ ಕಳಿಸಿ ಇಬ್ಬರನ್ನೂ ಒಂದು ಮಾಡಿಸಲು ಏಳೆಂಟು ಮಿಂಚಂಚೆ ಬೇಕಾಯಿತು. ಟಿಕೆಟ್ ಪಾಸ್‌ಪೋರ್ಟಿನಲ್ಲಿರುವ ಹಾಗೆಯೇ ಇರಲಿ, ಬುಕ್ ಮಾಡುವಾಗಲೇ ಸದಸ್ಯ ಸಂಖ್ಯೆ ಕೊಟ್ಟುಬಿಡಿ.

ಈಗ ನಮ್ಮಣ್ಣನ ಲೆಕ್ಕ. ಬಹಾಮಾಸ್‌ಗೆ ಹೋಗುವ 'ಯುಟೋಪಿಯಾ ಆಫ್ ದಿ ಸೀಸ್' ಹಡಗು ಹೊರಡುವುದು ಪೋರ್ಟ್ ಕೆನಾವೆರಲ್‌ನಿಂದ, ಅವನ ಮನೆಯಿಂದ ಒಂದು ಗಂಟೆಯ ದಾರಿ. ತೆರಿಗೆ, ಟಿಪ್ಸು, ಪಾರ್ಕಿಂಗ್ ಸೇರಿ ಇಬ್ಬರಿಗೆ 1,200 ಡಾಲರ್ ಎಂದು ಅವನೇ ಹೇಳಿದ. ಅವನು ಗಮನಿಸದೇ ಬಿಟ್ಟದ್ದೊಂದಿತ್ತು. ಬಹಾಮಾಸ್‌ಗೆ ಹೋಗದಿದ್ದರೂ ಅಲಾಸ್ಕಾ ಮುಗಿಯುವ ಹೊತ್ತಿಗೆ 77ಕ್ಕೆ ಏಳು ಸೇರಿ 84 ಆಗುತ್ತದೆ. ಡೈಮಂಡ್ ಹೇಗೂ ಬರುವುದೇ. ಹಾಗಾದರೆ ಆ 1,200 ಡಾಲರ್ ಕೊಟ್ಟು ಅವನು ಕೊಳ್ಳುತ್ತಿರುವುದು ಜೀವಮಾನದ ಡೈಮಂಡನ್ನಲ್ಲ, ಅಲಾಸ್ಕಾದ ಆ ಒಂದು ವಾರದ ಡೈಮಂಡನ್ನು ಮಾತ್ರ. ಇಬ್ಬರು, ಏಳು ದಿನ, ತಲೆಗೆ 20 ಡಾಲರಿನ ಕಾಫಿ, ಮಾಕ್‌ಟೇಲು: 280 ಡಾಲರ್. ಮದ್ಯ ಕುಡಿಯುವವರಾಗಿದ್ದರೂ 784 ದಾಟುವುದಿಲ್ಲ.

ಇದನ್ನೆಲ್ಲ ಬಿಡಿಸಿ ಹೇಳಿ, ಬಹಾಮಾಸ್ ನೋಡುವ ಆಸೆಯಿದ್ದರೆ ಹೋಗು, ಪಾಯಿಂಟಿಗಾಗಿ ಬೇಡ ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಹಿಂದಿನಿಂದ ಅತ್ತಿಗೆಯ ದನಿ ಕೇಳಿಸಿತು: "ಅವರು ನಿನ್ನೆ ರಾತ್ರಿಯೇ ಬುಕ್ ಮಾಡಿ ಆಗಿದೆಯಪ್ಪ. ಕ್ಯಾನ್ಸಲ್ ಮಾಡಿದರೆ ಡಿಪಾಜಿಟ್ ವಾಪಸ್ ಬರುತ್ತದಾ, ಅದನ್ನು ಹೇಳು."