ಪಾಷಾಣದ ಕಪ್ಪು ಕನ್ನಡಿ

ಬಿಳಿ ಪಾಷಾಣಕ್ಕೆ ವಾಸನೆಯಿಲ್ಲ, ಹೇಳಿಕೊಳ್ಳುವಂಥ ರುಚಿಯೂ ಇಲ್ಲ. ತಿಂದವರು ವಾಂತಿಭೇದಿಯಿಂದ ಸತ್ತರೆ ಕಾಲರಾ ಎಂದುಕೊಂಡು ಹೂಳುವುದು ಸುಲಭ. ಇಲಿ ಕೊಲ್ಲಲೆಂದು ಅಂಗಡಿಯಲ್ಲಿ ಸಿಗುತ್ತಿದ್ದ ಈ ಪುಡಿ ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಎಷ್ಟೋ ಕೊಲೆಗಾರರನ್ನು ಕಾಪಾಡಿತು. ಅದನ್ನು ಹಿಡಿದುಕೊಟ್ಟ ಪರೀಕ್ಷೆ ಹುಟ್ಟಿದ್ದು ನ್ಯಾಯಾಲಯದಲ್ಲಾದ ಒಂದು ಸೋಲಿನಿಂದ.

1830ರ ದಶಕದ ಆರಂಭ. ಇಂಗ್ಲೆಂಡಿನ ಪ್ಲಮ್‌ಸ್ಟೆಡ್‌ನಲ್ಲಿ ಜಾರ್ಜ್ ಬೋಡ್ಲ್ ಎಂಬ ವೃದ್ಧ ಮನೆಯಲ್ಲಿ ಕಾಫಿ ಕುಡಿದ ಮೇಲೆ ಕಾಯಿಲೆ ಬಿದ್ದು ತೀರಿಕೊಂಡ. ಮೊಮ್ಮಗ ಜಾನ್ ಮೇಲೆ ಅನುಮಾನ ಬಂತು. ಪರೀಕ್ಷೆಯ ಹೊಣೆ ವೂಲಿಚ್ ಶಸ್ತ್ರಾಗಾರದ ರಸಾಯನಜ್ಞ ಜೇಮ್ಸ್ ಮಾರ್ಷ್ ಪಾಲಿಗೆ ಬಂತು. ಆಗಿನ ವಿಧಾನದಂತೆ ಅವನು ಹೈಡ್ರೋಜನ್ ಸಲ್ಫೈಡ್ ಅನಿಲ ಹಾಯಿಸಿದ; ಪಾಷಾಣವಿದ್ದರೆ ಬರಬೇಕಾದ ಹಳದಿ ಗಸಿ ಬಂತು. ಆದರೆ ವಿಚಾರಣೆಯ ಹೊತ್ತಿಗೆ ಆ ಗಸಿ ಕೆಟ್ಟುಹೋಗಿತ್ತು. ಜ್ಯೂರಿಗೆ ತೋರಿಸಲು ಮಾರ್ಷ್ ಬಳಿ ಉಳಿದದ್ದು ಬರೀ ಮಾತು. ಆರೋಪಿ ಬಿಡುಗಡೆಯಾದ.

ಮಾರ್ಷ್ ಸುಮ್ಮನಿರಲಿಲ್ಲ. ಪಾಷಾಣ ಬೆರೆತ ದ್ರವದಲ್ಲಿ ಸತುವೂ ಆಮ್ಲವೂ ಸೇರಿದರೆ ಆರ್ಸೀನ್ ಎಂಬ ಅನಿಲ ಹೊಮ್ಮುತ್ತದೆ ಎಂಬುದನ್ನು ಸ್ವೀಡನ್ನಿನ ಷೀಲೆ 1775ರಲ್ಲೇ ಕಂಡಿದ್ದ. ಮಾರ್ಷ್ ಆ ಅನಿಲವನ್ನು ಸಣ್ಣ ಬಾಯಿಯ ಗಾಜಿನ ಕೊಳವೆಯಿಂದ ಹೊರಬಿಟ್ಟು ಹೊತ್ತಿಸಿದ. ಉರಿಗೆ ತಣ್ಣನೆಯ ಪಿಂಗಾಣಿ ಒಡ್ಡಿದಾಗ ಅದರ ಮೇಲೆ ಕನ್ನಡಿಯಂತೆ ಹೊಳೆಯುವ ಕಪ್ಪು ಕಲೆ ಮೂಡಿತು. ಅದು ಪಾಷಾಣದೊಳಗಿನ ಆರ್ಸೆನಿಕ್ಕೇ. ಒಂದು ಮಿಲಿಗ್ರಾಮಿನ ಐವತ್ತನೆಯ ಒಂದು ಪಾಲಿದ್ದರೂ ಪತ್ತೆಯಾಗುತ್ತಿತ್ತು. 1836ರಲ್ಲಿ ಅವನು ಈ ವಿಧಾನವನ್ನು ಪ್ರಕಟಿಸಿದ. ಇನ್ನು ಜ್ಯೂರಿ ತಜ್ಞನ ಮಾತನ್ನಷ್ಟೇ ನಂಬಬೇಕಿರಲಿಲ್ಲ, ಕಣ್ಣಾರೆ ಕಾಣಬಹುದಿತ್ತು.

ಅಷ್ಟಕ್ಕೇ ಎಲ್ಲವೂ ಸರಿಹೋಗಲಿಲ್ಲ. 1840ರಲ್ಲಿ ಫ್ರಾನ್ಸಿನ ಟ್ಯೂಲ್‌ನಲ್ಲಿ, ಗಂಡನಿಗೆ ವಿಷವಿಟ್ಟ ಆರೋಪದ ಮೇಲೆ ಮರೀ ಲಫಾರ್ಜ್ ಎಂಬವಳ ವಿಚಾರಣೆ ನಡೆಯಿತು. ಮಾರ್ಷ್ ಪರೀಕ್ಷೆಯಲ್ಲಿ ಕೈ ಪಳಗಿರದ ಸ್ಥಳೀಯ ರಸಾಯನಜ್ಞರಿಗೆ ಶವದಲ್ಲಿ ವಿಷ ಸಿಗಲಿಲ್ಲ. ಪ್ಯಾರಿಸ್ಸಿನಿಂದ ಬಂದ ಮಾತ್ಯೂ ಓರ್ಫಿಲಾ ಅದೇ ಶವದ ಭಾಗಗಳಲ್ಲಿ ಪತ್ತೆಹಚ್ಚಿದ. ಅವನು ಅಲ್ಲಿಗೇ ನಿಲ್ಲಲಿಲ್ಲ. ಸತುವಿನಲ್ಲೂ ಆಮ್ಲದಲ್ಲೂ ಗೋರಿಯ ಮಣ್ಣಿನಲ್ಲೂ ಪಾಷಾಣ ಇರಬಹುದಾದ್ದರಿಂದ, ಸಿಕ್ಕ ವಿಷ ಅವುಗಳಿಂದ ಬಂದದ್ದಲ್ಲ ಎಂಬುದನ್ನೂ ಖಚಿತಪಡಿಸಿಕೊಂಡು ಸಾಕ್ಷ್ಯ ನುಡಿದ. ಮರೀಗೆ ಜೀವಾವಧಿ ಶಿಕ್ಷೆಯಾಯಿತು.

ಈ ಎಚ್ಚರ ತಪ್ಪಿದರೆ ಏನಾಗುತ್ತದೆಂಬುದು 1859ರಲ್ಲಿ ಲಂಡನ್ನಿನಲ್ಲಿ ಕಾಣಿಸಿತು. ಡಾ. ಥಾಮಸ್ ಸ್ಮೆಥರ್ಸ್ಟ್ ವಿರುದ್ಧದ ಕೊಲೆ ಮೊಕದ್ದಮೆಯಲ್ಲಿ ಹೆಸರಾಂತ ವಿಷತಜ್ಞ ಆಲ್ಫ್ರೆಡ್ ಸ್ವೇನ್ ಟೇಲರ್ ಒಂದು ಬಾಟಲಿಯಲ್ಲಿ ಪಾಷಾಣ ಕಂಡುದಾಗಿ ಹೇಳಿದ್ದ. ಅವನು ಬಳಸಿದ್ದು ತಾಮ್ರದ ಜಾಲರಿ ಬೇಕಾಗುವ ಬೇರೊಂದು ಪರೀಕ್ಷೆ. ಸಿಕ್ಕ ಪಾಷಾಣ ಆ ತಾಮ್ರದಲ್ಲೇ ಇದ್ದದ್ದು ಎಂದು ಆಮೇಲೆ ತಿಳಿಯಿತು. ಟೇಲರ್ ಅದನ್ನು ನ್ಯಾಯಾಲಯದಲ್ಲಿ ಒಪ್ಪಿಕೊಂಡ. ಆದರೂ ಜ್ಯೂರಿ ಆರೋಪಿಯನ್ನು ಅಪರಾಧಿ ಎಂದಿತು, ಗಲ್ಲು ಶಿಕ್ಷೆಯಾಯಿತು. ವೈದ್ಯರೂ ವಕೀಲರೂ ದೊಡ್ಡ ದನಿಯಲ್ಲಿ ವಿರೋಧಿಸಿದ ಮೇಲೆ ಸರಕಾರ ಆ ಕೊಲೆ ಆರೋಪದಿಂದ ಅವನಿಗೆ ಕ್ಷಮಾದಾನ ಕೊಟ್ಟಿತು.

ನಮ್ಮಲ್ಲಿ 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 45ನೇ ಕಲಮು ವಿಜ್ಞಾನ, ಕೈಬರಹ, ಬೆರಳಚ್ಚು ಮುಂತಾದ ವಿಷಯಗಳಲ್ಲಿ ತಜ್ಞರ ಅಭಿಪ್ರಾಯಕ್ಕೆ ಜಾಗ ಕೊಟ್ಟಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 39ನೇ ಕಲಮು. ಎರಡರಲ್ಲೂ ತಜ್ಞ ಕೊಡುವುದು ಅಭಿಪ್ರಾಯ, ತೀರ್ಪು ನ್ಯಾಯಾಧೀಶರದು. ಆದ್ದರಿಂದ ವರದಿಯ ಕೆಳಗಿನ ಸಹಿ ಎಷ್ಟೇ ದೊಡ್ಡವರದಾಗಿರಲಿ, ಪಾಟೀಸವಾಲಿನಲ್ಲಿ ವಕೀಲರು ಎರಡು ಪ್ರಶ್ನೆ ಬಿಡಬಾರದು: ಕಂಡದ್ದನ್ನು ತೋರಿಸಬಲ್ಲಿರಾ? ನಿಮ್ಮ ಸಲಕರಣೆಯನ್ನು ಮೊದಲು ಪರೀಕ್ಷಿಸಿದಿರಾ? ಎರಡಕ್ಕೂ ಹೌದು ಎನ್ನಲಾಗದ ಸಾಕ್ಷ್ಯವನ್ನು ನೆಚ್ಚಿ ಯಾರನ್ನೂ ಜೈಲಿಗೆ ಕಳಿಸಬಾರದು.