ಕಾಲೇಜಿನ ಚರ್ಚಾಕೂಟವೂ ಶಾಸನಸಭೆಯ ಕ್ರಮವೂ

ನಮ್ಮ ಕಾಲೇಜುಗಳ ಚರ್ಚಾಕೂಟಗಳಲ್ಲಿ ಬಹುಮಾನವು ಸಾಮಾನ್ಯವಾಗಿ ವಾಗ್ಮಿಗೆ ಸಲ್ಲುವುದು. ಶಾಸನಸಭೆಯ ಚರ್ಚೆಯ ಗುರಿಯಾದರೋ ಬೇರೆ. ಅಲ್ಲಿ ಮಾತೆಲ್ಲ ಮುಗಿದ ಮೇಲೆ ಕೆಲವು ವಾಕ್ಯಗಳು ಕಾನೂನಾಗಿ ನಿಲ್ಲುವುವು. ಜನರ ಜೀವನವು ಅವುಗಳಿಗೆ ಒಳಪಡುವುದು. ಈ ಭೇದವನ್ನು ತರುಣರಿಗೆ ಮನಗಾಣಿಸುವ ಬಗೆ ಹೇಗೆ?

ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಸುತ್ತಣ ಬೀದಿಗಳನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. "ಬೀದಿ ವ್ಯಾಪಾರಿಗಳನ್ನು ತೆರವು ಮಾಡತಕ್ಕದ್ದು" ಎಂಬ ವಿಷಯವನ್ನು ಕೊಟ್ಟರೆ ಒಬ್ಬನು ಸಂಚಾರದ ಕಷ್ಟವನ್ನೂ ಇನ್ನೊಬ್ಬನು ಬಡವರ ಹೊಟ್ಟೆಪಾಡನ್ನೂ ವರ್ಣಿಸಿ ಕುಳಿತುಕೊಳ್ಳುವರು. ಅದನ್ನೇ ಮಸೂದೆಯಾಗಿ ಮುಂದಿಟ್ಟರೆ ಪ್ರಶ್ನೆಗಳು ಹರಿತವಾಗುವುವು. ವ್ಯಾಪಾರಿಯೆಂದರೆ ಯಾರು? ಬುಟ್ಟಿ ಹೊತ್ತು ತಿರುಗುವವಳು ಆ ಮಾತಿನಲ್ಲಿ ಸೇರುವಳೆ? ಸ್ಥಳವನ್ನು ಗೊತ್ತುಮಾಡುವವರು ಯಾರು?

ಮಸೂದೆಗೆ ಮೂರು ವಾಚನಗಳುಂಟು. ಮೊದಲನೆಯದು ಮಂಡನೆ. ಎರಡನೆಯದರಲ್ಲಿ ಮೊದಲು ತತ್ತ್ವದ ವಿಚಾರ. ಬಳಿಕ ಖಂಡಖಂಡವಾಗಿ ಪರಿಶೀಲನೆ ಹಾಗೂ ತಿದ್ದುಪಡಿ. ಮೂರನೆಯದರಲ್ಲಿ ಇಡಿಯ ಮಸೂದೆಯನ್ನು ಒಪ್ಪುವುದೋ ಬಿಡುವುದೋ ಎಂಬುದಷ್ಟೇ ಪ್ರಶ್ನೆ. ಎರಡನೆಯ ವಾಚನವೇ ವಿದ್ಯಾರ್ಥಿಗೆ ನಿಜವಾದ ಪಾಠಶಾಲೆ. ವಿರೋಧಿಸುವವನೂ ಅಲ್ಲಿ "ಹೀಗೆ ಬರೆದರೆ ಒಪ್ಪುವೆನು" ಎಂದು ಹೇಳಬೇಕಾಗುವುದು. 2014ರ ಬೀದಿ ವ್ಯಾಪಾರಿಗಳ ಕಾಯಿದೆಯನ್ನು ನೋಡಿರಿ. ತಿರುಗಾಡಿ ಮಾರುವವರೂ ಅದರ ವ್ಯಾಖ್ಯೆಯೊಳಗಿದ್ದಾರೆ. ನಗರದ ಮಾರಾಟ ಸಮಿತಿಯಲ್ಲಿ ವ್ಯಾಪಾರಿಗಳ ಪ್ರತಿನಿಧಿಗಳು ಶೇಕಡ 40ಕ್ಕೆ ಕಡಿಮೆಯಿರಕೂಡದು; ಅವರಲ್ಲಿ ಮೂರನೆಯ ಒಂದು ಪಾಲು ಸ್ತ್ರೀಯರಿರಬೇಕು. ಈ ಅಂಕೆಯನ್ನು 50 ಮಾಡಬೇಕೆ ಎಂಬ ಒಂದು ತಿದ್ದುಪಡಿಯೇ ಒಂದು ಸಂಜೆಯ ಚರ್ಚೆಗೆ ಸಾಕು.

ಇಂತಹ ಅಭ್ಯಾಸವು ದಂಡುಪ್ರದೇಶದ ತರುಣರಿಗೆ ವಿಶೇಷವಾಗಿ ಒಪ್ಪುವುದು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದರು. ಅದೇ ವರ್ಷ ದಂಡುಪ್ರದೇಶವು ಬ್ರಿಟಿಷರ ಆಡಳಿತಕ್ಕೆ ಪ್ರತ್ಯೇಕವಾಗಿ ಬಿಡಲ್ಪಟ್ಟಿತು. 1947ರಲ್ಲಿ ಅದು ಸಂಸ್ಥಾನಕ್ಕೆ ಮರಳಿತು. ಅಷ್ಟು ಕಾಲವೂ ಇಲ್ಲಿಯ ನಿವಾಸಿಗಳು ಆ ಸಭೆಯ ವ್ಯಾಪ್ತಿಯ ಹೊರಗೇ ಉಳಿದರು. ಸಭೆಗಾದರೂ ಮೊದಮೊದಲು ಅಹವಾಲನ್ನು ಅರಿಕೆ ಮಾಡುವ ಹಕ್ಕಿತ್ತೇ ಹೊರತು ಕಾನೂನು ಮಾಡುವ ಅಧಿಕಾರವಿರಲಿಲ್ಲ. ಕಾನೂನಿನ ಕೆಲಸಕ್ಕಾಗಿ ಶಾಸನ ಪರಿಷತ್ತು ಏರ್ಪಟ್ಟುದು 1907ರಲ್ಲಿ. ಬೇಡುವುದಕ್ಕೂ ವಿಧಿಸುವುದಕ್ಕೂ ಇರುವ ಅಂತರವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಚರಿತ್ರೆ ವಿರಳ.

ಸಂವಿಧಾನದ 61ನೆಯ ತಿದ್ದುಪಡಿಯು 1989ರಲ್ಲಿ ಜಾರಿಗೆ ಬಂದಂದಿನಿಂದ ಹದಿನೆಂಟು ತುಂಬಿದ ವಿದ್ಯಾರ್ಥಿಯು ಮತದಾರನು. ಅವನಿಗೆ ಚರ್ಚೆಯು ಬರಿಯ ಆಟವಲ್ಲ. ಆದುದರಿಂದ ತೀರ್ಪುಗಾರರು ಚಪ್ಪಾಳೆ ಗಿಟ್ಟಿಸಿದ ಭಾಷಣಕ್ಕಿಂತ, ಎದುರು ಪಕ್ಷದವರೂ ಕೈಯೆತ್ತಿ ಸಮ್ಮತಿಸಿದ ತಿದ್ದುಪಡಿಗೆ ಹೆಚ್ಚು ಅಂಕವಿತ್ತರೆ ಉಚಿತವಾದೀತು.