ಗೇರೆಣ್ಣೆಯ ಅಂಟು ಮತ್ತು ರೋಹಿತದ ಸಾಕ್ಷ್ಯ

ಘಟ್ಟದ ಮೇಲಿನವರ ಗೋಡಂಬಿಯನ್ನು ಉಡುಪಿ ಕಾರ್ಕಳಗಳವರು ಗೇರುಬೀಜವೆನ್ನುವರು. ಆ ಮರವನ್ನು ಕರಾವಳಿಗೆ ತಂದವರು ೧೬ನೆಯ ಶತಮಾನದ ಪೋರ್ಚುಗೀಸರು. ಹೆಸರಾದರೋ ಹಳೆಯದು, ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರು, ಎಂದರೆ ವೈದ್ಯಗ್ರಂಥಗಳ ಭಲ್ಲಾತಕ, ಅದರ ಮೊದಲ ಒಡೆಯ. ಎರಡರ ಸಿಪ್ಪೆಯ ರಸವೂ ಮೈಗೆ ಸೋಂಕಿದರೆ ಬೊಬ್ಬೆಯೇಳುವುದು. ಹೆಸರಿಟ್ಟವರು ಕಂಡ ಈ ನಂಟು ಬರಿಯ ಹೊರಗಿನದಲ್ಲ. ಎರಡರಲ್ಲಿಯೂ ೬ ಇಂಗಾಲಗಳ ಉಂಗುರಕ್ಕೆ ೧೫ ಇಂಗಾಲಗಳ ಬಾಲವೊಂದು ತಗುಲಿಕೊಂಡಿದೆ.

ಗೇರುಸಿಪ್ಪೆಯ ಎಣ್ಣೆಯಲ್ಲಿ ಹೆಚ್ಚಾಗಿರುವುದು ಅನಕಾರ್ಡಿಕ್ ಆಮ್ಲ. ಕಾಯಿಸಿದರೆ ಅದು ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಟ್ಟು ಕಾರ್ಡನಾಲ್ ಆಗುವುದು. ಇದನ್ನು ಫಾರ್ಮಾಲ್ಡಿಹೈಡಿನೊಡನೆ ಕೂಡಿಸಿದರೆ ಬೇಕಲೈಟಿನ ಜಾತಿಯ ಪ್ಲಾಸ್ಟಿಕ್ ದೊರೆಯುತ್ತದೆ. ಬೇಕಲೈಟು ಪೆಡಸು, ಇದಾದರೆ ಬಾಲದ ದೆಸೆಯಿಂದ ತುಸು ಬಳುಕುವುದು. ವಾಹನಗಳ ಬ್ರೇಕಿನ ಪಟ್ಟಿಗಳಲ್ಲಿ ಇದನ್ನು ಬಳಸುವರು.

ಆದರೆ ಕಪ್ಪಾದ ಆ ಅಂಟಿನೊಳಗೆ ನಾವು ಬಯಸಿದ ಮಾರ್ಪಾಡೇ ನಡೆದಿದೆಯೆಂದು ತಿಳಿಯುವುದೆಂತು? ಇಲ್ಲಿ ರೋಹಿತವು ಸಾಕ್ಷಿಗೆ ಬರುತ್ತದೆ. ಬಾಗದೆ ನೆಟ್ಟಗೆ ನಿಂತ ಮಳೆಬಿಲ್ಲಿಗೆ ಅಮರಕೋಶವು ಕೊಡುವ ಹೆಸರಿದು. ನಮ್ಮ ಪರಿಭಾಷೆಯಲ್ಲಿ ಇಷ್ಟು ಚೆನ್ನಾಗಿ ಹೊಂದಿಕೊಂಡ ಪದಗಳು ಹೆಚ್ಚಿಲ್ಲ. ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ವಸ್ತುವಿನ ಮೂಲಕ ಹಾಯಿಸಿದರೆ, ಅಣುವಿನ ಪ್ರತಿಯೊಂದು ಬಂಧವೂ ತನ್ನ ಕಂಪನಕ್ಕೆ ಸರಿಹೊಂದುವ ಭಾಗವನ್ನು ಹೀರಿಕೊಳ್ಳುತ್ತದೆ. ಆಮ್ಲದ ಗುಂಪು ಸೆಂಟಿಮೀಟರಿಗೆ ಸುಮಾರು ೧೬೫೦ ಅಲೆಗಳಿರುವೆಡೆಯಲ್ಲಿ ತಗ್ಗನ್ನು ತೋರುವುದು. ಕಾಯಿಸಿದ ಬಳಿಕ ಆ ತಗ್ಗು ಅಳಿದಿದ್ದರೆ ಆಮ್ಲವು ಹೋಯಿತೆಂದು ತಿಳಿಯಬಹುದು. ಸುಮಾರು ೩೦೧೦ರ ತಗ್ಗು ಬಾಲದ ಜೋಡಿಬಂಧಗಳದು. ಅಂಟು ಗಟ್ಟಿಯಾಗುತ್ತ ಅದು ಕುಗ್ಗಿದರೆ, ಉಂಗುರಗಳಷ್ಟೇ ಅಲ್ಲದೆ ಬಾಲಗಳೂ ಒಂದನ್ನೊಂದು ಹಿಡಿದುಕೊಂಡಿವೆಯೆಂದು ಊಹಿಸಬೇಕು.

ಸಾಕ್ಷಿಗೂ ಮಿತಿಯುಂಟು. ಉಂಗುರಗಳನ್ನು ಕೂಡಿಸುವ ಹೊಸ ಸೇತುವೆಗಳ ಗುರುತು ೧೪೫೦ರ ಸುಮಾರಿನಲ್ಲಿ ಬಾಲದ ಗುರುತಿನ ಕೆಳಗೆ ಮರೆಯಾಗುತ್ತದೆ. ೧೯೨೮ರಲ್ಲಿ ರಾಮನ್ನರು ಕಂಡ ಚದರಿಕೆಯನ್ನು ಇಲ್ಲಿ ಬಳಸಹೋದರೆ, ಕಪ್ಪು ಅಂಟು ತಾನೇ ಮಿನುಗಿ ಆ ಕ್ಷೀಣವಾದ ಬೆಳಕನ್ನು ನುಂಗಿಬಿಡಬಹುದು. ಮಣಿಪಾಲದಲ್ಲಿ ಪರಮಾಣು ಮತ್ತು ಅಣು ಭೌತವಿಜ್ಞಾನಕ್ಕೆಂದೇ ಒಂದು ವಿಭಾಗವಿದೆ. ಗೇರುಸಿಪ್ಪೆಯ ರಾಶಿಗಳು ಅಲ್ಲಿಂದ ದೂರವಿಲ್ಲ. ಆ ಸಿಪ್ಪೆಯೊಡೆಯುವ ಹೆಂಗಸರ ಕೈಗಳಿಗೆ ಮಾತ್ರ ರೋಹಿತದ ಹಂಗಿಲ್ಲ. ಎಣ್ಣೆಯಲ್ಲಿ ಕಾರವಿನ್ನೂ ಉಳಿದಿದೆಯೆಂಬುದನ್ನು ಅವರ ಬೆರಳ ತುದಿಗಳು ಮೊದಲೇ ಅರಿಯುತ್ತವೆ.